ಕೊಬ್ಬಿನ ಹಾರ್ಮೋನು, ಕುಗ್ಗುವ ಮಿದುಳು

ಪ್ರಶ್ನೆ: ನನ್ನ ತಾಯಿಗೆ 74 ವರ್ಷ. ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು, ಮಾತ್ರೆಗಳನ್ನು ತಾವೇ ತೆಗೆದುಕೊಳ್ಳುತ್ತಾರೆ. ಮರೆವು ಹೆಚ್ಚಿದ್ದರಿಂದ ಎಂಆರ್‌ಐ ಮಾಡಿಸಿದಾಗ, ವಯಸ್ಸಿಗೆ ತಕ್ಕಂತೆ ಮಿದುಳು ಕುಗ್ಗಿದೆಯೆಂದು ವರದಿ ಬಂತು. ಲೆಪ್ಟಿನ್ ಹೆಚ್ಚಿರುವವರ ಮಿದುಳು ಚೆನ್ನಾಗಿರುತ್ತದೆ ಎಂದು ಓದಿದ್ದೇನೆ. ಆ ಪರೀಕ್ಷೆ ಮಾಡಿಸಬೇಕೇ? ಆರು ತಿಂಗಳಿಂದ ಅವರು ಸಣ್ಣಗಾಗಿದ್ದಾರೆ. ಕೈಬಳೆಗಳು ಸೋಪು ಹಚ್ಚದೆಯೇ ಜಾರಿ ಬರುತ್ತಿವೆ. ಸಕ್ಕರೆ ಹತೋಟಿಗೆ ಬಂದಿದೆಯೆಂದು ನಾವೆಲ್ಲ ಸಮಾಧಾನದಿಂದಿದ್ದೇವೆ.
– ಓದುಗರೊಬ್ಬರು, ಹಾಸನ

ಉತ್ತರ: ಲೆಪ್ಟಿನ್ ಪರೀಕ್ಷೆಯ ಅಗತ್ಯವಿಲ್ಲ. ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಬಳೆಯ ಮಾತು. ಅದಕ್ಕೆ ಆಮೇಲೆ ಬರುತ್ತೇನೆ.

ಲೆಪ್ಟಿನ್ ಕೊಬ್ಬಿನ ಕೋಶಗಳಿಂದ ಹೊರಟು, ದಾಸ್ತಾನು ಸಾಕಷ್ಟಿದೆಯೆಂದು ಮಿದುಳಿಗೆ ತಿಳಿಸುವ ಹಾರ್ಮೋನು. ಇದರ ಜೀನನ್ನು 1994ರಲ್ಲಿ ನ್ಯೂಯಾರ್ಕಿನ ಜೆಫ್ರಿ ಫ್ರೀಡ್‌ಮನ್ ಅವರ ತಂಡ ಪತ್ತೆಮಾಡಿತು. ಹಸಿವನ್ನು ನಿಯಂತ್ರಿಸುವ ಭಾಗದಲ್ಲಷ್ಟೇ ಅಲ್ಲದೆ, ಹೊಸ ನೆನಪುಗಳು ರೂಪುಗೊಳ್ಳಲು ಬೇಕಾದ ಹಿಪೊಕ್ಯಾಂಪಸ್‌ನಲ್ಲೂ ಇದರ ಸಂದೇಶವನ್ನು ಹಿಡಿಯುವ ಗ್ರಾಹಕಗಳಿವೆ. ನೀವು ಓದಿದ್ದು ಬಹುಶಃ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಊರಿನ ಅಧ್ಯಯನದ ಸುದ್ದಿ. 2009ರಲ್ಲಿ ಪ್ರಕಟವಾದ ಆ ವರದಿಯ ಪ್ರಕಾರ, 785 ಹಿರಿಯರ ಪೈಕಿ ಲೆಪ್ಟಿನ್ ಹೆಚ್ಚಿದ್ದವರಲ್ಲಿ ಮುಂದೆ ಮರೆವಿನ ಕಾಯಿಲೆ ಕಡಿಮೆ ಕಂಡುಬಂತು. ಎಂಆರ್‌ಐ ಮಾಡಿಸಿಕೊಂಡ 198 ಮಂದಿಯಲ್ಲಿ ಅಂಥವರ ಮಿದುಳಿನ ಗಾತ್ರವೂ ತುಸು ಹೆಚ್ಚಿತ್ತು.

ಹಾಗೆಂದು ಲೆಪ್ಟಿನ್ ಮಿದುಳನ್ನು ಕಾಯಿತು ಎನ್ನಲಾಗದು. ಬೊಜ್ಜಿರುವವರ ರಕ್ತದಲ್ಲಿ ಲೆಪ್ಟಿನ್ ಧಾರಾಳವಾಗಿದ್ದರೂ ಮಿದುಳು ಅದಕ್ಕೆ ಸರಿಯಾಗಿ ಓಗೊಡುವುದಿಲ್ಲ. ಅಲ್ಲದೆ ಅಲ್ಜೈಮರ್ ಕಾಯಿಲೆಯಲ್ಲಿ ಮರೆವು ಎದ್ದು ಕಾಣುವ ವರ್ಷಗಳ ಮೊದಲೇ ಕೆಲವರ ತೂಕ ಇಳಿಯತೊಡಗುತ್ತದೆ. ಕೊಬ್ಬು ಕರಗಿದರೆ ಲೆಪ್ಟಿನ್ ತಾನಾಗಿ ತಗ್ಗುತ್ತದೆ. ಆದ್ದರಿಂದ ಕಡಿಮೆ ಲೆಪ್ಟಿನ್ ಕಾಯಿಲೆಯ ಕಾರಣವಾಗಿರದೆ ಅದರ ನೆರಳೂ ಆಗಿರಬಹುದು. ಸಕ್ಕರೆ ಕಾಯಿಲೆಗೂ ಮಿದುಳಿಗೂ ಇರುವ ನಂಟಿನ ಪುರಾವೆ ಇದಕ್ಕಿಂತ ಗಟ್ಟಿ: ದೀರ್ಘಕಾಲದ ಸಕ್ಕರೆ ಕಾಯಿಲೆ ಮಿದುಳಿನ ಸಣ್ಣ ರಕ್ತನಾಳಗಳನ್ನು ಕೆಡಿಸುತ್ತದೆ, ಹಿಪೊಕ್ಯಾಂಪಸ್ ಕುಗ್ಗುವುದಕ್ಕೂ ಅದಕ್ಕೂ ನಂಟಿದೆ.

ಈಗ ಬಳೆಯ ವಿಷಯ. ಎಪ್ಪತ್ತು ದಾಟಿದವರು ಪ್ರಯತ್ನಿಸದೆ ಸಣ್ಣಗಾಗುವುದನ್ನು ನಾನು ಸಿಹಿಸುದ್ದಿಯೆಂದು ಭಾವಿಸುವುದಿಲ್ಲ. ಊಟ ಮರೆಯುವುದು, ಹಲ್ಲಿನ ತೊಂದರೆ, ಖಿನ್ನತೆ, ಥೈರಾಯ್ಡ್, ಕ್ಯಾನ್ಸರ್, ಏರಿದ ಸಕ್ಕರೆ, ಎಲ್ಲವೂ ಇದಕ್ಕೆ ಕಾರಣವಾಗಬಲ್ಲವು. ಸಕ್ಕರೆ ಕಾಯಿಲೆಗೆ ಕೊಡುವ ಮೆಟ್‌ಫಾರ್ಮಿನ್ ಮಾತ್ರೆ ಕೂಡ ತೂಕವನ್ನು ಸ್ವಲ್ಪ ಇಳಿಸುತ್ತದೆ, ವರ್ಷಗಟ್ಟಲೆ ನುಂಗಿದವರಲ್ಲಿ ಬಿ12 ಕೊರತೆಯನ್ನೂ ತರಬಹುದು. ಆ ಕೊರತೆಯೊಂದೇ ಮರೆವಿಗೆ ಸಾಕು. ಬಿ12, ಥೈರಾಯ್ಡ್ ಮತ್ತು ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆಗಳನ್ನು ಈ ವಾರವೇ ಮಾಡಿಸಿ. ಮರೆವಿರುವ ಹಿರಿಯರಲ್ಲಿ ಸಕ್ಕರೆಯನ್ನು ಅತಿ ಬಿಗಿಯಾಗಿ ಹಿಡಿಯುವುದು ಅಪಾಯವಾದ್ದರಿಂದ, ಗುರಿಯನ್ನು ಸಡಿಲಿಸಬೇಕೇ ಎಂದು ವೈದ್ಯರನ್ನು ಕೇಳಿ. ಹೋಗುವಾಗ ತಾಯಿಯವರ ಮಾತ್ರೆಯ ಸ್ಟ್ರಿಪ್‌ಗಳನ್ನೂ ಚೀಲಕ್ಕೆ ಹಾಕಿಕೊಳ್ಳಿ. ದಿನಕ್ಕೊಂದೇ ನುಂಗಬೇಕಾದ ಮಾತ್ರೆ ಹತ್ತು ದಿನಕ್ಕೆ ಹದಿನಾಲ್ಕು ಖಾಲಿಯಾಗಿದ್ದರೆ, ನುಂಗಿದ್ದನ್ನು ಮರೆತು ಅವರು ಮತ್ತೆ ನುಂಗುತ್ತಿರಬಹುದು.