ಹಳೇ ಕಾರಿಗೆ ಇ20 ಪೆಟ್ರೋಲ್ ಹಾಕಿದರೆ ಇಂಜಿನ್ ಕೆಟ್ಟುಹೋಗುತ್ತಾ?

ನಿಮ್ಮ ಕಾರು 2006ರದ್ದು, ಎಂಪಿಎಫ್‌ಐ ಇಂಜಿನ್ (ಕಂಪ್ಯೂಟರ್ ಅಳೆದು ಪೆಟ್ರೋಲ್ ಚಿಮ್ಮಿಸುವಂಥದ್ದು), ಯಾವ ಬಂಕಿಗೆ ಹೋದರೂ ಈಗ ಇ20ಯೇ (ಕಬ್ಬು, ಮೆಕ್ಕೆಜೋಳದಿಂದ ತೆಗೆದ ಎಥೆನಾಲ್ ಅನ್ನುವ ಆಲ್ಕೋಹಾಲ್ 20% ಬೆರೆಸಿದ ಪೆಟ್ರೋಲ್) ಸಿಗುತ್ತೆ, ಇಂಜಿನ್ ಕೆಡುವ ಮೊದಲೇ ಮಾರಿಬಿಡಲಾ ಅಂತ ಕೇಳಿದ್ದೀರಿ. ಅದೊಂದೇ ಕಾರಣಕ್ಕಾದರೆ ಮಾರಬೇಡಿ. ಇಂಜಿನ್ ಚಿಂತೆ ಆಮೇಲೆ, ಮೊದಲು ಪೆಟ್ರೋಲ್ ಪೈಪ್ ನೋಡಿಸಿ.

ನಾನು ಮೆಕ್ಯಾನಿಕ್ ಅಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ ಇದ್ದೇನೆ. ಅಪ್ಪ 1998ರಲ್ಲಿ ಕೊಂಡ ಕಾರ್ಬೋರೇಟರ್ (ಕಂಪ್ಯೂಟರ್ ಇಲ್ಲದೆ ಪೆಟ್ರೋಲ್, ಗಾಳಿ ಬೆರೆಸುವ ಹಳೇ ಸಾಧನ) ಕಾರು ಈಗಲೂ ಓಡಿಸುತ್ತೇನೆ. ಹೋದ ಮಳೆಗಾಲದಲ್ಲಿ ಎರಡು ತಿಂಗಳು ಅದನ್ನು ಶೆಡ್ಡಿನಿಂದ ತೆಗೆಯಲೇ ಇಲ್ಲ. ಟ್ಯಾಂಕಿನಲ್ಲಿ ಕಾಲು ಭಾಗ ಪೆಟ್ರೋಲ್ ಇತ್ತು. ಮಳೆ ಬಿಟ್ಟ ಮೇಲೆ ಒಂದು ಬೆಳಿಗ್ಗೆ ಶೆಡ್ ಬಾಗಿಲು ತೆಗೆದರೆ ಮೂಗಿಗೆ ಹೊಡೆಯುವ ಹಾಗೆ ಪೆಟ್ರೋಲ್ ವಾಸನೆ. ಮೆಕ್ಯಾನಿಕ್ ಬಂದು ಪೈಪ್ ಬಿಚ್ಚಿ ಕೈಗೆ ಕೊಟ್ಟರು. ಹತ್ತು ವರ್ಷದ ಹಿಂದೆ ನಾನೇ ಹಾಕಿಸಿದ್ದ ರಬ್ಬರ್ ಪೈಪ್. ಕ್ಲಿಪ್ ಇದ್ದ ಕಡೆ ಉಬ್ಬಿ, ಮೆತ್ತಗಾಗಿ, ಉಗುರು ಒತ್ತಿದರೆ ಗುರುತು ನಿಲ್ಲುತ್ತಿತ್ತು. ಬೆರಳಿಗೆ ಕಪ್ಪು ಮಸಿ. ಫಿಲ್ಟರ್ ತೆಗೆದು ಪೇಪರ್ ಮೇಲೆ ಕುಟ್ಟಿದರೆ ಕಾಫಿಪುಡಿ ಚೆಲ್ಲಿದ ಹಾಗೆ ತುಕ್ಕು. ಎಲ್ಲಾ ತಪ್ಪನ್ನೂ ಎಥೆನಾಲ್ ತಲೆಗೆ ಕಟ್ಟುವುದಿಲ್ಲ, ಹತ್ತು ವರ್ಷಕ್ಕೆ ಯಾವ ರಬ್ಬರಾದರೂ ಸುಸ್ತಾಗುತ್ತೆ. ಆದರೆ ಹಳೇ ಕಾಲದ ರಬ್ಬರು ಬರೀ ಪೆಟ್ರೋಲಿಗೆ ಮಾಡಿದ್ದು. ಎಥೆನಾಲ್ ತಾಗಿದರೆ ಉಬ್ಬುತ್ತೆ, ಕೆಲವು ಗಟ್ಟಿಯಾಗಿ ಬಿರಿಯುತ್ತವೆ.

ಇದನ್ನು ಸರ್ಕಾರವೂ ಒಪ್ಪಿಕೊಂಡಿದೆ. 2025ರ ಆಗಸ್ಟ್‌ನಲ್ಲಿ ಪೆಟ್ರೋಲಿಯಂ ಸಚಿವಾಲಯವೇ, ಕೆಲವು ಹಳೇ ಗಾಡಿಗಳಲ್ಲಿ 20ರಿಂದ 30 ಸಾವಿರ ಕಿಲೋಮೀಟರ್ ಆದ ಮೇಲೆ ರಬ್ಬರ್ ಭಾಗ, ಗ್ಯಾಸ್ಕೆಟ್ ಬದಲಿಸಬೇಕಾಗಬಹುದು ಅಂದಿತು. ಇ20 ಹಾಕಿದರೆ ಇನ್ಶೂರೆನ್ಸ್ ಸಿಗಲ್ಲ ಅನ್ನುವ ಸುದ್ದಿ ಸುಳ್ಳು ಅಂತಲೂ ಆಗಲೇ ಹೇಳಿತು.

ತುಕ್ಕಿನ ಕಥೆ ಬೇರೆ. ಎಥೆನಾಲ್ ನೀರನ್ನು ಎಳೆದುಕೊಳ್ಳುತ್ತೆ. ನೀರು ಜಾಸ್ತಿಯಾದರೆ ಎರಡೂ ಸೇರಿ ಟ್ಯಾಂಕಿನ ತಳಕ್ಕೆ ಇಳಿದು ಕೂರುತ್ತವೆ. ನಂಬಿಕೆ ಬರದಿದ್ದರೆ ಬಯಲಿನಲ್ಲಿ, ಬೆಂಕಿ ಬೀಡಿ ಹತ್ತಿರ ಇಲ್ಲದ ಕಡೆ, ಅಳತೆ ಗೀಟು ಇರುವ ಗಾಜಿನ ಜಾಡಿಗೆ 50 ಎಂಎಲ್ ನೀರು, 50 ಎಂಎಲ್ ಪೆಟ್ರೋಲ್ ಹಾಕಿ ಅಲ್ಲಾಡಿಸಿ ಇಡಿ. ನಾನು ಮಾಡಿದಾಗ ಕೆಳಗಿನ ನೀರು 60ರ ಹತ್ತಿರ ಬಂದು ನಿಂತಿತು. ಆ ಹೆಚ್ಚಾದ ಹತ್ತೇ ಎಥೆನಾಲ್. ಹಾಗಾದರೆ ಹೀಗೇ ತೊಳೆದು ಉಳಿದ ಪೆಟ್ರೋಲ್ ಕಾರಿಗೆ ಹಾಕೋಣ ಅನ್ನುವವರೂ ಇದ್ದಾರೆ. ದಯವಿಟ್ಟು ಬೇಡ. ಎಥೆನಾಲ್ ಹೋದರೆ ಆಕ್ಟೇನ್ (ಪೆಟ್ರೋಲ್ ಹೊತ್ತಿಗೆ ಮುಂಚೆಯೇ ಉರಿಯದಂತೆ ತಡೆಯುವ ಗುಣ) ಇಳಿಯುತ್ತೆ, ಇಂಜಿನ್ ಕಟಕಟ ಅನ್ನುತ್ತೆ.

ಮೈಲೇಜ್ ಖಂಡಿತ ಇಳಿಯುತ್ತೆ. ಒಂದು ಲೀಟರ್ ಎಥೆನಾಲ್‌ನಲ್ಲಿ ಇರುವ ಶಕ್ತಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲು ಅಷ್ಟೇ. ಬರೀ ಪೆಟ್ರೋಲಿಗೆ ಮಾಡಿ ಇ10ಗೆ (10% ಎಥೆನಾಲ್) ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದರೆ 6–7% ಇಳಿಯಬಹುದು ಅಂತ ನೀತಿ ಆಯೋಗದ 2021ರ ವರದಿಯಲ್ಲೇ ಇದೆ. ನನ್ನದು ಲೀಟರಿಗೆ 15 ಕೊಡುತ್ತಿದ್ದದ್ದು ಈಗ 14. ನಿಮಗೆ 35 ಲೀಟರ್ ತುಂಬಿಸಿದರೆ ಎರಡು ಲೀಟರ್‌ಗೂ ಸ್ವಲ್ಪ ಜಾಸ್ತಿ ಗಾಳಿಗೆ ಹೋಯಿತು ಅಂದುಕೊಳ್ಳಿ. ಕಬ್ಬು, ಮೆಕ್ಕೆಜೋಳ ಬೆಳೆಯುವವರಿಗೆ ನಾಲ್ಕು ಕಾಸು ಸಿಕ್ಕರೆ ನನಗೂ ಸಂತೋಷವೇ. ಆದರೆ ಮೈಲೇಜ್ ಇಳಿದಷ್ಟು ಬೆಲೆಯೂ ಇಳಿಯಬೇಕಿತ್ತು, ಅಲ್ವಾ?

ಒಂದು ವಿಷಯದಲ್ಲಿ ನೀವು ನನಗಿಂತ ಅದೃಷ್ಟವಂತರು. ನಿಮ್ಮ ಕಾರಿನ ಸೈಲೆನ್ಸರ್ ಪೈಪಿನಲ್ಲಿ ಆಕ್ಸಿಜನ್ ಸೆನ್ಸರ್ ಇರುತ್ತೆ. ಪೆಟ್ರೋಲ್ ಕಮ್ಮಿ ಬೀಳುತ್ತಿದೆ ಅಂತ ಗೊತ್ತಾದ ತಕ್ಷಣ ಇಸಿಯು ಅನ್ನುವ ಇಂಜಿನ್ ಕಂಪ್ಯೂಟರ್ ಸ್ವಲ್ಪ ಜಾಸ್ತಿ ಬಿಡುತ್ತೆ. ನನ್ನ ಕಾರ್ಬೋರೇಟರ್‌ಗೆ ಆ ಬುದ್ಧಿ ಇಲ್ಲ. ಚಳಿಯ ಬೆಳಿಗ್ಗೆ ಚೋಕ್ ಎಳೆದು ಐದು ನಿಮಿಷ ಮುದ್ದು ಮಾಡಬೇಕು, ಇಲ್ಲದಿದ್ದರೆ ಗೇಟು ದಾಟುವಷ್ಟರಲ್ಲಿ ಜಗ್ಗಿ ಜಗ್ಗಿ ಆಫ್ ಆಗುತ್ತೆ.

ನೀವು ಮಾಡಬೇಕಾದ್ದು ಇಷ್ಟು. ಮುಂದಿನ ಸರ್ವೀಸಿಗೆ ಪೆಟ್ರೋಲ್ ಪೈಪ್, ಓ-ರಿಂಗ್ (ಸೋರದಂತೆ ಜೋಡಣೆಯಲ್ಲಿ ಹಾಕುವ ರಬ್ಬರ್ ಬಳೆ), ಫಿಲ್ಟರ್ ಬದಲಿಸಿ. ಎಥೆನಾಲ್ ತಡೆಯುವ ಪೈಪೇ ಬೇಕು ಅಂತ ಕೇಳಿ ತಗೊಳ್ಳಿ. ಹೊಸ ಫಿಲ್ಟರ್ ಹಾಕಿ ಎರಡು ಮೂರು ಸಾವಿರ ಕಿಲೋಮೀಟರ್ ಆದ ಮೇಲೆ ಇನ್ನೊಮ್ಮೆ ತೆಗೆಸಿ ನೋಡಿ, ಟ್ಯಾಂಕಿನ ಹಳೇ ಕೊಳೆಯನ್ನು ಎಥೆನಾಲ್ ಕಿತ್ತು ತರುತ್ತೆ. ಕಾರು ನಿಲ್ಲಿಸಿಯೇ ಇಡಬೇಕಾದರೆ ಟ್ಯಾಂಕ್ ತುಂಬಿಸಿ ಇಡಿ, ವಾರಕ್ಕೊಮ್ಮೆ ಓಡಿಸಿ. ಎಥೆನಾಲ್ ತೆಗೆಯುತ್ತೆ ಅಂತ ಮಾರುವ ಬಾಟಲಿಗಳಿಗೆ ಸುಮ್ನೆ ದುಡ್ಡು ಸುರಿಯಬೇಡಿ.

ಯಾವತ್ತಾದರೂ ಬೆಳಿಗ್ಗೆ ಕಾರಿನ ಹತ್ತಿರ ಪೆಟ್ರೋಲ್ ವಾಸನೆ ಬಂದರೆ ಮಾತ್ರ ಕೀ ತಿರುಗಿಸಬೇಡಿ, ಲೈಟಿನ ಸ್ವಿಚ್ಚನ್ನೂ ಒತ್ತಬೇಡಿ. ಬಾಗಿಲು ಪೂರ್ತಿ ತೆಗೆದಿಟ್ಟು, ಆಚೆ ಬಂದು ಮೆಕ್ಯಾನಿಕ್‌ಗೆ ಫೋನ್ ಮಾಡಿ.