ಚಿತ್ರದುರ್ಗದ ಕೋಟೆ ಹತ್ತುವಾಗ ಇಲ್ಲದ ಭಯ ಇಳಿಯುವಾಗ ಯಾಕೆ?

ಇಳಿಯುವಾಗ ಕಣ್ಣಿಗೆ ಹತ್ತಿರದ ಆಸರೆ ತಪ್ಪುತ್ತದೆ, ಅದಕ್ಕೇ. ಸುಮ್ಮನೆ ನಿಂತಾಗಲೂ ನಮ್ಮ ಮೈ ಸಣ್ಣಗೆ ತೂಗುತ್ತಲೇ ಇರುತ್ತದೆ. ಹತ್ತಿರದ ವಸ್ತು ಕಣ್ಣಲ್ಲಿ ಸರಿದಂತೆ ಕಂಡಾಗ ಮಿದುಳು ಆ ತೂಗಾಟವನ್ನು ತಿದ್ದುತ್ತದೆ. ಕೋಟೆಯೊಳಗಿನ ಎತ್ತರದ ಕಾವಲು ಬುರುಜಾದ ತುಪ್ಪದ ಕೊಳದ ಬತೇರಿಗೆ ಹತ್ತುವಾಗ ಬಂಡೆ ಮುಖದ ಮುಂದೆಯೇ ಇರುತ್ತದೆ. ಇಳಿಯಲು ತಿರುಗಿದರೆ ಕಾಣುವುದು ದೂರದ ಊರು. ಅಷ್ಟು ದೂರದ್ದು ಸರಿದದ್ದು ಗೊತ್ತೇ ಆಗುವುದಿಲ್ಲ, ತೂಗಾಟ ಹೆಚ್ಚುತ್ತದೆ, ಕಾಲು ನಡುಗುತ್ತದೆ. ಇದು ಹೇಡಿತನ ಖಂಡಿತ ಅಲ್ಲ: 1960ರಲ್ಲಿ ಪ್ರಕಟವಾದ ಮನಃಶಾಸ್ತ್ರಜ್ಞರಾದ ಗಿಬ್ಸನ್ ಮತ್ತು ವಾಕ್ ಅವರ ಪ್ರಯೋಗದಲ್ಲಿ, ತಾಯಿ ಕರೆದರೂ ಅಂಬೆಗಾಲಿನ ಹೆಚ್ಚಿನ ಕೂಸುಗಳು ಗಾಜು ಮುಚ್ಚಿದ ಆಳದ ಕಡೆ ಹೋಗಲಿಲ್ಲ. ಬಂಡೆಗೆ ಮುಖ ಮಾಡಿ, ಕೆತ್ತಿದ ಕಚ್ಚುಗಳಲ್ಲಿ ಕಾಲಿಟ್ಟು ಇಳಿಯಿರಿ. ತಲೆ ತಿರುಗಿದರೆ ಕುಳಿತುಬಿಡಿ. ನಿಂತಲ್ಲೇ ಕಣ್ಣು ಮುಚ್ಚಬೇಡಿ, ತೂಗಾಟ ಇನ್ನೂ ಹೆಚ್ಚುತ್ತದೆ.