ಹಾಸ್ಟೆಲ್‌ನಲ್ಲಿ ವಾಂತಿಭೇದಿ ಎದ್ದರೆ ಕಾರವಾರದ ಕಡೆ ಯಾರು ಬರುತ್ತಾರೆ?

ಜಿಲ್ಲೆಯಿಂದ ಆರ್‌ಆರ್‌ಟಿ (ತ್ವರಿತ ಸ್ಪಂದನಾ ತಂಡ) ಬರುತ್ತದೆ, ನಿಜ. ಆದರೆ ಮೊದಲ ದಿನ ನೂಕುವವರು ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದವರೇ (ಪಿಎಚ್‌ಸಿ): ಒಬ್ಬ ವೈದ್ಯ, ಆರೋಗ್ಯ ನಿರೀಕ್ಷಕ, ಸಿಸ್ಟರ್, ಆಶಾ. ಜೊಯಿಡಾದ ಹಾಸ್ಟೆಲ್ಲಾದರೆ ಕಾರವಾರದ ತಂಡ ಅಣಶಿ ಘಟ್ಟ ಹತ್ತಬೇಕು. ಮಳೆಗಾಲದಲ್ಲಿ ಗುಡ್ಡ ಜರಿದರೆ ಸುತ್ತು ಹಾಕಿ ಹೋಗಬೇಕು.

ಜನ ಸಾಲದಿರುವುದು ರಾತ್ರಿ ಪಾಳಿಗೆ. ಹಾಸ್ಟೆಲ್ಲಲ್ಲೇ ಇಪ್ಪತ್ತು ಮಕ್ಕಳನ್ನು ಮಲಗಿಸಿ ನೋಡಿಕೊಳ್ಳುವುದಾದರೆ ಪಾಳಿಗೊಬ್ಬರಂತೆ ಮೂವರು ನರ್ಸ್, ರಜೆ ಸರಿದೂಗಿಸಲು ಇನ್ನೊಬ್ಬರು ಬೇಕು. ಒಂದು ಪಿಎಚ್‌ಸಿಯಿಂದ ಇಷ್ಟು ಜನರನ್ನು ಕೊಟ್ಟರೆ ಅಲ್ಲಿಯ ಹೆರಿಗೆ, ಲಸಿಕೆ ನಿಲ್ಲುತ್ತದೆ. ಹಾಗಾಗಿ ತಾಲೂಕು ಆರೋಗ್ಯಾಧಿಕಾರಿ ಪಕ್ಕದ ಕೇಂದ್ರಗಳಿಂದ ನಿಯೋಜನೆ ಆದೇಶ ಮಾಡಬೇಕು. ಅದು ಸಂಜೆಯೊಳಗೆ ಆಗದಿದ್ದರೆ ಹಗಲು ದುಡಿದವರೇ ರಾತ್ರಿಯೂ ಕೂರುತ್ತಾರೆ, ಮೂರನೇ ದಿನಕ್ಕೆ ಕೈಬಿಡುತ್ತಾರೆ.

ಬೇಕಾದ ಜನರ ಪಟ್ಟಿಯಲ್ಲಿ ಯಾವಾಗಲೂ ಬಿಟ್ಟುಹೋಗುವವರು ಇಬ್ಬರು: ಬದಲಿ ಅಡುಗೆಯವರು ಮತ್ತು ನೀರುಗಂಟಿ. ಅಡುಗೆಯವರಿಗೇ ಭೇದಿಯಾದರೆ ಅಡುಗೆಮನೆಗೆ ಬಿಡುವಂತಿಲ್ಲ. ಆದರೆ ಬದಲಿಯವರ ಕೂಲಿ ಯಾರು ಕೊಡಬೇಕು ಎಂಬಲ್ಲಿ ಆರೋಗ್ಯ ಇಲಾಖೆ, ಹಾಸ್ಟೆಲ್ ನಡೆಸುವ ಇಲಾಖೆ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ನೀರುಗಂಟಿ ಪಂಚಾಯಿತಿಯವನು, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹೇಳದೆ ಬರುವುದಿಲ್ಲ. ಅವನಿಲ್ಲದೆ ಕ್ಲೋರಿನ್ ಕೆಲಸ ಆಗುವುದೂ ಇಲ್ಲ.

ಕರಾವಳಿಯ ಚಿರೇಕಲ್ಲು ನೆಲದಲ್ಲಿ ಶೌಚಗುಂಡಿಯ ನೀರು ಬಾವಿಗೆ ಸುಲಭವಾಗಿ ಒಸರುತ್ತದೆ. ಮೂರು ಮೀಟರ್ ಅಗಲ, ನಾಲ್ಕು ಮೀಟರ್ ನೀರಿರುವ ಬಾವಿಯಲ್ಲಿ ಸುಮಾರು 28,000 ಲೀಟರ್ ಇರುತ್ತದೆ. ಸಾವಿರ ಲೀಟರಿಗೆ 2.5 ಗ್ರಾಂ ಬ್ಲೀಚಿಂಗ್ ಪುಡಿಯ ಲೆಕ್ಕದಲ್ಲಿ 70 ಗ್ರಾಂ. ಮಳೆಗಾಲದ ಕೆಂಪು ನೀರಿಗೆ ಅದು ಸಾಲದು. ಪುಡಿಯನ್ನು ಬಕೆಟ್ಟಲ್ಲಿ ಕಲಸಿ, ಸುಣ್ಣ ತಳ ಕಂಡ ಮೇಲೆ ತಿಳಿ ಮಾತ್ರ ಬಾವಿಗೆ ಹಾಕಿ ಕದಡಬೇಕು. ಒಂದು ತಾಸಿನ ನಂತರ, ನೀರಲ್ಲಿ ಉಳಿದ ಕ್ಲೋರಿನ್ ತೋರಿಸುವ ಕ್ಲೋರೋಸ್ಕೋಪಿನಲ್ಲಿ ಲೀಟರಿಗೆ 0.5 ಮಿಲಿಗ್ರಾಂ ಬರಲೇಬೇಕು, ಬರದಿದ್ದರೆ ಮತ್ತೆ ಹಾಕಬೇಕು. ಬಾಯಿ ತೆರೆದಿಟ್ಟ ಚೀಲದ ಪುಡಿ ಇಲ್ಲಿಯ ತೇವಕ್ಕೆ ಬಹಳ ಬೇಗ ಸತ್ವ ಕಳೆದುಕೊಳ್ಳುತ್ತದೆ. ಕ್ಲೋರೋಸ್ಕೋಪಿನಲ್ಲಿ ಬಣ್ಣ ಬರದಿದ್ದಾಗ ಜನ ಬಾವಿಯನ್ನು ಬೈಯುತ್ತಾರೆ, ಚೀಲ ನೋಡುವುದಿಲ್ಲ.

ವಾರ್ಡನ್ ಹೆದರಿ ರಾತ್ರೋರಾತ್ರಿ ಮಕ್ಕಳನ್ನು ಮನೆಗೆ ಕಳಿಸಿದರೆ ಕೆಲಸ ಕೆಟ್ಟಿತೆಂದೇ ತಿಳಿಯಿರಿ. ಸೋಂಕು ಊರೂರಿಗೆ ಹೋಗುತ್ತದೆ, ಮಲದ ಮಾದರಿಯೂ ಸಿಗುವುದಿಲ್ಲ. ಆಂಟಿಬಯೋಟಿಕ್ ಕೊಡುವ ಮೊದಲೇ ಕ್ಯಾರಿ-ಬ್ಲೇರ್ ಮಾಧ್ಯಮದಲ್ಲಿ (ಲ್ಯಾಬಿಗೆ ಹೋಗುವವರೆಗೆ ಮಾದರಿ ಕೆಡದಂತೆ ಇಡುವ ವಸ್ತು) ಮಾದರಿ ತೆಗೆಯಬೇಕು. ಕಾಯಿಲೆ ಬಿದ್ದ ಮಕ್ಕಳ ಪಟ್ಟಿ ಬರೆಯಲು ಒಬ್ಬರನ್ನು ಬೇರೆಯೇ ಕೂರಿಸಿ: ಹೆಸರು, ಕೋಣೆ, ಊರು, ಮನೆಯ ಫೋನು, ಶುರುವಾದ ತಾಸು, ಕುಡಿದ ನೀರು. ಗೋವಾ ಗಡಿಯ ಮಾಜಾಳಿ ಕಡೆಯ ಮಕ್ಕಳನ್ನು ಮನೆಯವರು ಗೋವಾದ ಆಸ್ಪತ್ರೆಗೆ ಒಯ್ದಿದ್ದರೆ ನಮ್ಮ ಲೆಕ್ಕದಲ್ಲಿ ಸಿಗುವುದಿಲ್ಲ. ಆ ಫೋನು ನಂಬರಿನಿಂದಲೇ ಹುಡುಕಬೇಕು.

ಇದೇ ನೀರಿನಿಂದ ಕಾಮಾಲೆ ಬಂದರೆ ಲೆಕ್ಕ ಬೇರೆ. ಕಾಮಾಲೆ ತರುವ ಹೆಪಟೈಟಿಸ್ ಎ ಸೋಂಕು ತಗುಲಿದ ಮೇಲೆ ಕಾಣಿಸಿಕೊಳ್ಳಲು 15ರಿಂದ 50 ದಿನ. ನಿಯೋಜನೆ ಮೇಲೆ ಬಂದವರು ವಾರಕ್ಕೇ ಹೊರಟಿರುತ್ತಾರೆ. ಆಮೇಲಿನ ಏಳು ವಾರ ದಿನಾ ಕಣ್ಣಿನ ಹಳದಿ ನೋಡುವ ಕೆಲಸ ಯಾರದು ಎಂಬುದನ್ನು ತಂಡ ಗಾಡಿ ಹತ್ತುವ ಮೊದಲೇ ಬರೆಸಿಟ್ಟುಕೊಳ್ಳಿ.